ಯಜಮಾನರ ಹೊಟ್ಟೆ ಮೇಲಿನ ಗೆರೆ

ಕಾಂಪೌಂಡರ್ ಅಂದ್ರೆ ಸೀಸೆಗೆ ಕೆಂಪು ನೀರು ತುಂಬೋನು ಅಂತ ನಮ್ಮ ಮಾವನವರೂ ತಿಳ್ಕೊಂಡಿದ್ರು. ನಗು ತಡ್ಕೊಳ್ಳೋದೇ ಅರ್ಧ ಕೆಲಸ ಅಂತ ಅವರಿಗೇನು ಗೊತ್ತು? ರಾಜಾಜಿನಗರ ಆಗಿನ್ನೂ ಹೊಸದು. ನಮ್ಮ ಡಾಕ್ಟರ ಶಾಪಿಗೆ ಸುತ್ತಲ ಹಳ್ಳಿಯವರೆಲ್ಲ ಬರೋರು. ಒಬ್ಬರ ಹೊಟ್ಟೆ ಕತೆ ಮಾತ್ರ ಇವತ್ತಿಗೂ ಮರೆತಿಲ್ಲ.

೧. ನಮ್ಮಲ್ಲಿ ಯಾರಿಗೂ ಇಲ್ಲ

ಕೆಂಗೇರಿ ಕಡೆಯ ಯಜಮಾನರೊಬ್ಬರು ಹೆಂಡತಿ ಜೊತೆ ಬಂದ್ರು. ತಿಂಗಳ ಹಿಂದೆ ಗಾಡಿ ನೊಗ ಹೊಟ್ಟೆಗೆ ಬಡಿದಿತ್ತಂತೆ, ಈಗ ಅಲ್ಲೊಂದು ಉಬ್ಬು. ಡಾಕ್ಟರು ಒತ್ತಿ, ತಟ್ಟಿ ನೋಡಿದ್ರು. ಜಠರದ ಹಿಂದಿರೋ ಮೇದೋಜೀರಕ ಗ್ರಂಥಿಗೆ ಏಟು ಬಿದ್ದು, ರಸ ಸೋರಿ ಚೀಲ ಕಟ್ಟಿರಬಹುದು ಅಂದ್ರು.

"ಅಂಥ ಗ್ರಂಥಿ ನಮ್ಮ ವಂಶದಲ್ಲೇ ಯಾರಿಗೂ ಇಲ್ಲ ಸ್ವಾಮಿ" ಅಂದ್ರು ಯಜಮಾನರು.

ಎಲ್ಲರಿಗೂ ಇರುತ್ತೆ, ನನಗೂ ಇದೆ ಅಂತ ಡಾಕ್ಟರು ಹೇಳಿದ್ರು.

"ನಿಮಗೆ ಓದಿ ಓದಿ ಬಂದಿರ್ತದೆ."

೨. ಖಾಲಿ ಹೊಟ್ಟೆ

ಬಿಳಿ ಔಷಧಿ ಕುಡಿಸಿ ಎಕ್ಸ್‌ರೇ ತೆಗೆಸೋಕೆ ಪೇಟೆ ಆಸ್ಪತ್ರೆಗೆ ನಾನೇ ಕರ್ಕೊಂಡು ಹೋದೆ. ಖಾಲಿ ಹೊಟ್ಟೇಲಿ ಬನ್ನಿ ಅಂತ ಮೂರು ಸಲ ಹೇಳಿದ್ದೆ. ನೋಡಿದ್ರೆ ಹೊಟ್ಟೆ ತುಂಬಿದೆ! ಏನು ತಿಂದ್ರಿ ಅಂತ ಅಲ್ಲಿಯವರು ಗದರಿದ್ರು. ನಾಲ್ಕು ಅಕ್ಕಿರೊಟ್ಟಿ, ಒಂದು ಲೋಟ ಕಾಫಿ ಅಂದ್ರು ಯಜಮಾನರು.

"ಮುದ್ದೆ ಮುಟ್ಟಿಲ್ಲ ಸ್ವಾಮಿ. ಮುದ್ದೆ ಬೀಳದಿದ್ರೆ ಹೊಟ್ಟೆ ಖಾಲಿ ತಾನೆ?"

ಮಾರನೇ ದಿನ ಮತ್ತೆ ಹೋದ್ವಿ. ಜಠರವನ್ನ ಏನೋ ಹಿಂದಿನಿಂದ ಮುಂದಕ್ಕೆ ನೂಕಿರೋದು ಎಕ್ಸ್‌ರೇಲಿ ಕಾಣಿಸ್ತು. ನಮ್ಮ ಡಾಕ್ಟರ ಅಂದಾಜು ಸರಿಯಾಗಿತ್ತು.

೩. ಗೆರೆ

ಇಂಥ ಚೀಲ ಕೆಲವು ಸಲ ತಾನಾಗೇ ಬತ್ತುತ್ತೆ, ಬತ್ತದಿದ್ರೆ ಆಪರೇಷನ್ ಅಂದ್ರು ಡಾಕ್ಟರು. ಯಜಮಾನರ ಹೆಂಡತಿ ಸೆರಗಿನ ತುದೀಲಿ ಮನೆದೇವರಿಗೆ ಅಂತ ಕಾಸು ಗಂಟು ಹಾಕಿದ್ರು. ಡಾಕ್ಟರು ಉಬ್ಬಿನ ಅಂಚಿಗೆ ನೇರಳೆ ಔಷಧಿಯಿಂದ ಗೆರೆ ಎಳೆದು, ಪ್ರತಿ ಸೋಮವಾರ ಬಂದು ತೋರಿಸಿ, ಉಬ್ಬು ಗೆರೆಯಿಂದ ಒಳಕ್ಕೆ ಸರೀತಾ ಬಂದ್ರೆ ಬಚಾವು ಅಂದ್ರು. ಹೋಗ್ತಾ ಆಯಮ್ಮ, ಮಗುವಿನ ಬಾಯಿಹುಣ್ಣಿಗೆ ಅಂತ ಅದೇ ಔಷಧಿ ಒಂದು ಸೀಸೆ ಈಸ್ಕೊಂಡ್ರು.

ಮೂರು ಸೋಮವಾರ ಬಂದ್ರು. ಉಬ್ಬು ಗೆರೆ ಬಿಟ್ಟು ಕದಲಿಲ್ಲ. ದಿನಕ್ಕೆ ಅರವತ್ತು ಹೊಟ್ಟೆ ಒತ್ತೋರಿಗೆ ಹೋದ ವಾರದ ಹೊಟ್ಟೆ ಎಲ್ಲಿ ನೆನಪಿರುತ್ತೆ? ಡಾಕ್ಟರು ಗೆರೇನೇ ನಂಬಿ, ಆಪರೇಷನ್ನಿಗೆ ಕಾಗದ ಬರೆಯೋಕೆ ಕೂತ್ರು. ಬರೀತಾ ಬರೀತಾ, ಗೆರೆ ಇಷ್ಟು ದಿನ ಮಾಸಲಿಲ್ಲವಲ್ಲ ಅಂದ್ರು.

"ಮಾಸದೇ ಇರ್ತದಾ? ಶನಿವಾರ ಶನಿವಾರ ಎಣ್ಣೆ ಸ್ನಾನ. ನೀವು ಬೈತೀರಿ ಅಂತ ನಾನೇ ಉಬ್ಬಿನ ಅಂಚು ನೋಡ್ಕೊಂಡು ಮತ್ತೆ ಎಳೀತಿದ್ದೆ" ಅಂದ್ರು ಆಯಮ್ಮ.

ಡಾಕ್ಟರು ಪೆನ್ನು ಕೆಳಗಿಟ್ಟು ತಲೆ ಹಿಡ್ಕೊಂಡ್ರು. ಇಷ್ಟು ಗುಂಡಗೆ ಹೇಗೆ ಎಳೆದ್ರಿ ಅಂತ ನಾನು ಕೇಳಿದೆ.

"ಪಾತ್ರೆ ಕವುಚಿಟ್ಟು. ಮೊದಲ ವಾರ ಸಾರಿನ ಪಾತ್ರೆ ಮುಚ್ಚಳ. ಆಮೇಲೆ ಉಬ್ಬಿಗೆ ಆ ಮುಚ್ಚಳ ದೊಡ್ಡದಾಯ್ತು, ಬಟ್ಟಲು ಇಟ್ಟೆ. ಈ ಸಲ ಲೋಟ."

ಡಾಕ್ಟರು ಕಾಗದ ಹರಿದುಹಾಕಿದ್ರು. ಮಾರನೇ ದಿನ ಮುಚ್ಚಳ, ಬಟ್ಟಲು, ಲೋಟ ಮೂರನ್ನೂ ತರಿಸಿ, ಮೇಜಿನ ಮೇಲೆ ಸಾಲಾಗಿಟ್ಟು, ಸ್ಕೇಲು ಹಿಡಿದು ಅಳೆದು ಬರ್ಕೊಂಡ್ರು.

ಇನ್ನೆರಡು ಸೋಮವಾರ ಕಳೀತು. ಯಜಮಾನರು ಅಂಗಿ ಎತ್ತಿದ್ರೆ ಹೊಟ್ಟೆ ಮೇಲೆ ಗೆರೇನೇ ಇಲ್ಲ. ಯಾಕಮ್ಮಾ ಎಳೀಲಿಲ್ಲ ಅಂತ ಡಾಕ್ಟರು ಗಾಬರಿಯಾದ್ರು.

ಆಯಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡ್ರು. "ಅಷ್ಟು ಚಿಕ್ಕ ಪಾತ್ರೆ ನಮ್ಮನೇಲಿಲ್ಲ ಡಾಕ್ಟ್ರೇ."