ಸಿಪಾಯಿಯ ಐದನೇ ಪದಕ

ಅವತ್ತು ಬೆಳಿಗ್ಗೆ ಡ್ರಾಯಿಂಗ್ ಮೇಷ್ಟ್ರು ತಲೆ ತಗ್ಗಿಸಿಕೊಂಡು ಕ್ಷೌರದಂಗಡಿ ದಾಟಿಬಿಟ್ಟಿದ್ದರೆ, ಅವರ ಮೀಸೆ ಇವತ್ತಿಗೂ ಮೂಗಿನ ಕೆಳಗೇ ಇರುತ್ತಿತ್ತು. ಗ್ರಹಚಾರ, ತಲೆ ಎತ್ತಿದರು. ಒಳಗೆ ಕನ್ನಡಿಯ ಮೊಳೆಗೆ ಒಂದು ಪದಕ ನೇತಾಡುತ್ತಿತ್ತು.

ಮೇಷ್ಟ್ರಿಗೆ ಹಳೇ ಪದಕಗಳ ಹುಚ್ಚು. ಊರಿನ ಸಿಪಾಯಿಯೊಬ್ಬರ ಐದು ಪದಕಗಳು ದಿಕ್ಕಾಪಾಲಾಗಿವೆ ಎಂದು ತಿಳಿದ ಮೇಲಂತೂ ಊಟ ನಿದ್ದೆ ಸೇರುತ್ತಿರಲಿಲ್ಲ. ಪದಕದ ಅಂಚಿನಲ್ಲಿ ಸಿಪಾಯಿಯ ಹೆಸರು ಕೊರೆದಿರುತ್ತದೆ. ಅದನ್ನೇ ಹಿಡಿದು ಮನೆಮನೆ ಸುತ್ತಿ, ಕಾಡಿ ಬೇಡಿ ನಾಲ್ಕನ್ನು ಕೂಡಿಸಿದ್ದರು. ಕೊಟ್ಟವರೆಲ್ಲ ಈಗಿನ ಕಾಲದವರು, ಏನೋ ಹಳೇ ತಗಡು ಎಂದು ಕೊಟ್ಟಿದ್ದರು. ಸಿಪಾಯಿ ತೀರಿಕೊಂಡಿದ್ದರೂ ಮಗಳಿದ್ದರು. ಐದನ್ನೂ ಒಂದೇ ಪಟ್ಟಿಗೆ ಜೋಡಿಸಿ ಆಕೆಯ ಕೈಗಿಡಬೇಕು, ಹುಟ್ಟಿದ್ದಕ್ಕೆ ಒಂದಾದರೂ ಒಳ್ಳೇ ಕೆಲಸ ಪೂರ್ತಿ ಮಾಡಬೇಕು ಎಂಬುದು ಮೇಷ್ಟ್ರ ಆಸೆ.

"ಮೊದಲು ಸೋರೋ ನಲ್ಲಿ ಸರಿ ಮಾಡಿ" ಎನ್ನುತ್ತಿದ್ದರು ಹೆಂಡತಿ.

ಮೇಷ್ಟ್ರು ಒಳಗೆ ನುಗ್ಗಿ ಅಂಚು ಓದಿದರು. ಅದೇ ಹೆಸರು!

"ಇದನ್ನ ಕೊಡ್ತೀಯೇನಪ್ಪಾ?"

"ನಿನ್ನೆ ಅಮ್ಮನ ಪೆಟ್ಟಿಗೇಲಿ ಸಿಕ್ತು. ಹೊಳೆಯುತ್ತಲ್ಲ, ನೇತುಹಾಕ್ದೆ. ಕಾಸಿಗೆ ಕೊಡಲ್ಲ ಮೇಷ್ಟ್ರೇ." ಕ್ಷೌರಿಕ ಅವರ ಮೂಗಿನ ಕೆಳಗೆ ಆಸೆಯಿಂದ ನೋಡಿದ. "ಆ ಪೊದೆಗೆ ಕತ್ತರಿ ಹಾಕ್ಬೇಕು ಅಂತ ಎಷ್ಟು ವರ್ಷದಿಂದ ಕೈ ಕಡೀತಿದೆ ಗೊತ್ತಾ? ಮೀಸೆ ಕೊಡಿ, ಪದಕ ತಗೊಳ್ಳಿ."

ಬೆಂಚಿನಲ್ಲಿದ್ದವರೆಲ್ಲ ಪೇಪರ್ ಮಡಚಿಟ್ಟರು. "ಒಂದೊಂದೇ ಕಡೆ ತೆಗಿ, ಅಭ್ಯಾಸ ಆಗ್ಲಿ" ಎಂದ ಪಕ್ಕದಂಗಡಿ ದರ್ಜಿ. "ಬೇಡ, ಒಂದೇ ಸಲಕ್ಕೆ ಮುಗಿಸು, ಸಂಕಟ ಕಮ್ಮಿ" ಎಂದ ಬೇಕರಿಯವ. ಮೇಷ್ಟ್ರು ಕಣ್ಣು ಮುಚ್ಚಿದರು. ತೆರೆದಾಗ ಕನ್ನಡಿಯಲ್ಲಿ ಸುಲಿದ ಆಲೂಗಡ್ಡೆಯಂಥ ಮುಖವೊಂದು ಅವರನ್ನು ನೋಡುತ್ತಿತ್ತು.

ಮನೆಯಲ್ಲಿ ಹೆಂಡತಿ ಬಾಗಿಲು ಅರ್ಧ ತೆರೆದು, "ಯಜಮಾನರು ಮನೇಲಿಲ್ಲ" ಎಂದು ಮುಚ್ಚಿಕೊಂಡರು.

"ನಾನೇ ಕಣೇ!"

ಐದನ್ನೂ ಉಜ್ಜಿ, ಪಟ್ಟಿಗೆ ಜೋಡಿಸಿ, ಇಸ್ತ್ರಿ ಅಂಗಿ ತೊಟ್ಟು ಮಧ್ಯಾಹ್ನ ಮೇಷ್ಟ್ರು ಸಿಪಾಯಿಯ ಮಗಳ ಮನೆಗೆ ಹೋದರು. ತಲೆ ಪೂರ್ತಿ ನರೆತ ಆ ಹೆಂಗಸು ಪದಕಗಳನ್ನು ಮಡಿಲಲ್ಲಿಟ್ಟುಕೊಂಡು ಒಂದೊಂದರ ಮೇಲೂ ಬೆರಳಾಡಿಸಿದರು. ಕಣ್ಣು ತುಂಬಿತು.

"ಚೆಲ್ಲಾಪಿಲ್ಲಿ ಆಗಿದ್ವು ಅಮ್ಮಾ. ಅಂತೂ ಒಟ್ಟು ಮಾಡ್ದೆ."

"ಚೆಲ್ಲಾಪಿಲ್ಲಿ ಆಗಿರ್ಲಿಲ್ಲಪ್ಪಾ. ಅಪ್ಪನೇ ಹಂಚಿದ್ರು." ಆಕೆಯ ದನಿ ಮೆತ್ತಗಿತ್ತು. "ಅವರ ಜೊತೆ ಯುದ್ಧಕ್ಕೆ ಹೋದೋರಲ್ಲಿ ಐದು ಜನ ವಾಪಸ್ ಬರ್ಲಿಲ್ಲ. ಒಂದೊಂದು ಮನೆಗೂ ತಾವೇ ಹೋಗಿ ಒಂದೊಂದು ಕೊಟ್ಟು ಬಂದ್ರು. ಬದುಕಿ ಬಂದೆ ಅಂತ ಎಲ್ಲಾ ನನ್ನ ಎದೆ ಮೇಲೇ ಇರೋದು ನ್ಯಾಯ ಅಲ್ಲ ಅಂದ್ರು."

ಮೇಷ್ಟ್ರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇಷ್ಟು ನಾಚಿಕೆ ಅವರಿಗೆ ಎಂದೂ ಆಗಿರಲಿಲ್ಲ.

"ಆ ಮನೆಗಳು ಜ್ಞಾಪಕ ಇದೆಯಾ?"

"ಇದೆ ಅಮ್ಮಾ."

ಆಕೆ ಪಟ್ಟಿಯನ್ನು ಅವರ ಕೈಗೇ ವಾಪಸ್ ಇಟ್ಟರು.

ಕ್ಷೌರದಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಬೆಂಚಿನ ಮೇಲೆ ಕ್ಷೌರಿಕನ ಮುದಿ ತಾಯಿ ಖಾಲಿ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಮಗ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿದ್ದ.

"ಅಮ್ಮ ಬೆಳಗಿಂದ ಊಟ ಮುಟ್ಟಿಲ್ಲ ಮೇಷ್ಟ್ರೇ" ಎಂದ.

ಮೇಷ್ಟ್ರು ಪಟ್ಟಿ ಬಿಚ್ಚಿ ಪದಕವನ್ನು ಆಕೆಯ ಅಂಗೈಯಲ್ಲಿಟ್ಟರು. ಮುದುಕಿ ಮುಷ್ಟಿ ಬಿಗಿಹಿಡಿದು ಮಗನ ಕಡೆ ತಿರುಗಿದರು. "ನಿಮ್ಮಪ್ಪನ ಬದಲಿಗೆ ಮನೆಗೆ ಬಂದದ್ದು ಇದೊಂದೇ ಕಣೋ."

ಮಿಕ್ಕ ನಾಲ್ಕನ್ನು ಜೇಬಿಗೆ ಹಾಕಿಕೊಂಡು ಮೇಷ್ಟ್ರು ಮುಂದಿನ ಮನೆಯ ಕಡೆ ಹೆಜ್ಜೆ ಹಾಕಿದರು. ಅಲ್ಲಿ ಏನು ಹೇಳಬೇಕೆಂದು ಅವರಿಗೆ ಇನ್ನೂ ತೋಚಿರಲಿಲ್ಲ.