ತಲೆಯೆಣ್ಣೆ ಕುಡಿದ ಕೇಬಲ್ಲುಗಳು

ಯಂತ್ರದ ವಿಷಯ ಏನೂ ತಿಳಿಯದವನಿಂದ ಯಾರಿಗೂ ಅಪಾಯವಿಲ್ಲ. ಗಾಡಿ ಕೆಟ್ಟರೆ ಅವನು ಪಕ್ಕಕ್ಕೆ ನಿಂತು ದಾರಿಹೋಕರನ್ನು ಕಾಯುತ್ತಾನೆ. ಪೂರ್ತಿ ತಿಳಿದವನಿಂದಲೂ ಅಪಾಯವಿಲ್ಲ. ಲೋಕ ಹೆದರಬೇಕಾದದ್ದು ಅರ್ಧ ತಿಳಿದವರಿಗೆ. ನಾನು ಅರ್ಧಕ್ಕಿಂತ ತುಸು ಕಡಿಮೆ ತಿಳಿದವನು. ಉಳಿದದ್ದನ್ನು ಧೈರ್ಯದಿಂದ ತುಂಬಿಕೊಂಡವನು.

ಆಗ ನಾನು ಕುಮಟೆಯಲ್ಲಿ ಊರೂರು ತಿರುಗಿ ಮಕ್ಕಳಿಗೆ ಸಿಡುಬಿನ ಚುಚ್ಚು ಹಾಕುವ ಸರಕಾರಿ ನೌಕರ. ಸಿಡುಬಿಗೆ ನಮ್ಮ ಕಡೆ ದೇವಿ ಎನ್ನುವುದರಿಂದ ಜನರ ಬಾಯಲ್ಲಿ ‘ದೇವಿ ಡಾಕ್ಟ್ರು’. ನೌಕರಿ ಇನ್ನೂ ಹಂಗಾಮಿ. ಸೈಕಲ್ಲಿನಲ್ಲಿ ಹೋದರೆ ಯಾರೂ ಮರ್ಯಾದೆ ಕೊಡುವುದಿಲ್ಲವೆಂದು ಭಟ್ಕಳದ ಜವಳಿ ವ್ಯಾಪಾರಿಯೊಬ್ಬರಿಂದ ಹಳೆಯ ಮೋಟರ್‌ಸೈಕಲ್ ಕೊಂಡೆ. ಮಹಾಯುದ್ಧದಲ್ಲಿ ಓಡಿದ ಗಾಡಿ ಎಂದರು. ಯಾವ ದಿಕ್ಕಿಗೆ ಓಡಿತ್ತೆಂದು ಹೇಳಲಿಲ್ಲ. ಅದರ ಸದ್ದು ಹೊಳನಗದ್ದೆಯ ಗಡಿ ಮುಟ್ಟುವುದರೊಳಗೆ ಊರ ಮಕ್ಕಳೆಲ್ಲ ಗದ್ದೆ ದಾಟಿ ಓಡಿಹೋಗಿರುತ್ತಿದ್ದರು. ಸೈಕಲ್ಲಿಗೆ ಹತ್ತು ತೋಳು ಸಿಗುತ್ತಿದ್ದಲ್ಲಿ ಮೋಟರ್‌ಸೈಕಲ್ಲಿಗೆ ಎರಡು ಸಿಗತೊಡಗಿದವು. ಆದರೂ ಮರ್ಯಾದೆ ಮರ್ಯಾದೆಯೇ.

ನಮ್ಮ ಕಡಲ ಗಾಳಿ ಕಬ್ಬಿಣವನ್ನು ಬಿಡುವುದಿಲ್ಲ. ಮಳೆಗಾಲ ಮುಗಿಯುವಾಗ ಎಕ್ಸಲೇಟರ್, ಕ್ಲಚ್, ಬ್ರೇಕು, ಕೊನೆಗೆ ಇಂಜಿನ್ ಆರಿಸುವ ಪುಟ್ಟ ಹಿಡಿಕೆ, ಎಲ್ಲದರ ಕೇಬಲ್ಲೂ ಬಿಗಿದುಕೊಂಡವು. ಎಕ್ಸಲೇಟರ್ ತಿರುಗಿಸಿದರೆ ಇಂಜಿನ್ನಿಗೆ ಸುದ್ದಿ ಮುಟ್ಟಲು ಕಚೇರಿಯ ಟಪಾಲಿನಷ್ಟೇ ಹೊತ್ತು ಹಿಡಿಯುತ್ತಿತ್ತು. ಎಣ್ಣೆ ಬಿಟ್ಟರೆ ಸರಿಹೋಗುತ್ತದೆ ಎಂಬುದು ನನಗೆ ತಿಳಿದಿದ್ದ ಅರ್ಧ. ಯಾವ ಎಣ್ಣೆ ಎಂಬುದು ತಿಳಿಯದ ಅರ್ಧ. ಕಪಾಟಿನಲ್ಲಿದ್ದ ಕೊಬ್ಬರಿ ಎಣ್ಣೆಯ ಬಾಟಲಿ ಎತ್ತಿಕೊಂಡೆ.

“ಎಂತ ಮಾಡ್ತ್ರಿ? ಅದು ತಲೆಗೆ ಹಚ್ಚೂ ಎಣ್ಣೆ” ಎಂದಳು ಹೆಂಡತಿ.

“ತಲೆಗೆ ಒಳ್ಳೇದಾದದ್ದು ಗಾಡಿಗೆ ಕೆಟ್ಟದಾಗ್ತದೆಯೇ?” ಎಂದೆ. ಕಾಗದದ ಕೊಳವೆ ಮಾಡಿ ಒಂದೊಂದು ಕೇಬಲ್ಲಿಗೂ ಕುಡಿಸಿದೆ. ಮಿಕ್ಕಿದ್ದನ್ನು ಉದಾರವಾಗಿ ಹಿಂದಿನ ಗಾಲಿಯ ಬ್ರೇಕಿನೊಳಕ್ಕೂ ಸುರಿದೆ. ಹಿಡಿಕೆಗಳೆಲ್ಲ ಬೆಣ್ಣೆಯಂತೆ ಓಡಾಡಿದವು. ಅದು ಸೆಕೆಯ ಮಧ್ಯಾಹ್ನವಾಗಿತ್ತು.

ಚಳಿಗಾಲ ಬಂತು. ಜೊತೆಗೆ ಧಾರವಾಡದ ಕಡೆಯ ದೊಡ್ಡ ಸಾಹೇಬರೂ ತಪಾಸಣೆಗೆ ಬಂದರು. ನನ್ನ ನೌಕರಿ ಕಾಯಂ ಆಗುವುದು ಅವರ ವರದಿಯ ಮೇಲಿತ್ತು. ಕತಗಾಲದ ಶಾಲೆಯಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿಡಲು ಹೇಳಿಕಳಿಸಿದ್ದೆ. ಸಾಹೇಬರ ಜೀಪು ಕೆಟ್ಟಿದ್ದರಿಂದ ಅವರು ಬೆಳಗಿನ ಥಂಡಿಯಲ್ಲೇ ನನ್ನ ಹಿಂದೆ ಕುಳಿತರು. ನಾನು ಮಫ್ಲರ್ ಸುತ್ತಿ, ಕಪ್ಪು ಕನ್ನಡಕ ಹಾಕಿ, ಗತ್ತಿನಿಂದ ಹೊರಟೆ.

ಶಿರಸಿ ರಸ್ತೆ ಹಿಡಿದ ಮೇಲೆ ಎಕ್ಸಲೇಟರನ್ನು ಜೋರಾಗಿ ತಿರುಗಿಸಿದೆ. ಗಾಡಿ ಹಾರಿತು. ಕೈ ಸಡಿಲಿಸಿದೆ, ಅದು ಸಡಿಲಲಿಲ್ಲ. ಎದುರುಗಾಳಿಯ ಚಳಿಗೆ ಕೊಬ್ಬರಿ ಎಣ್ಣೆ ಕೇಬಲ್ಲಿನೊಳಗೇ ಹೆಪ್ಪುಗಟ್ಟಿತ್ತು. ಕ್ಲಚ್ ಹಿಡಿಕೆಯನ್ನು ಗಾಬರಿಯಲ್ಲಿ ಜಗ್ಗಿದೆ. ತಂತಿ ಪಟ್ಟೆಂದು ತುಂಡಾಯಿತು. ಕೈ ಬ್ರೇಕೂ ಇಂಜಿನ್ ಆರಿಸುವ ಹಿಡಿಕೆಯೂ ಕಲ್ಲಾಗಿದ್ದವು. ಕಾಲಿನ ಬ್ರೇಕು ಒತ್ತಿದರೆ, ಎಣ್ಣೆ ಕುಡಿದ ಅದು ನುಣ್ಣಗೆ ಜಾರಿತು.

“ಸಾವಕಾಶ ಹೋಗ್ರಿ” ಎಂದರು ಸಾಹೇಬರು.

“ಆತು ಸಾಹೇಬ್ರೆ” ಎಂದೆ. ಮೇಲಧಿಕಾರಿಗೆ ಇಲ್ಲವೆನ್ನುವ ರೂಢಿ ಇರಲಿಲ್ಲ.

ಕತಗಾಲ ಕಂಡಿತು. ಶಾಲೆಯ ಮುಂದೆ ಮಾಸ್ತರರು ಹಾರ ಹಿಡಿದಿದ್ದರು. ಮಕ್ಕಳು ಅಂಗಿಯ ತೋಳು ಮಡಚಿ, ಅಳುಮುಖ ಮಾಡಿಕೊಂಡು ಸಾಲಾಗಿ ನಿಂತಿದ್ದರು.

“ನಿಲ್ಲಸ್ರಿ! ಏ, ನಿಲ್ಲಸ್ರಿ!”

“ನಿಲ್ಲೂದಿಲ್ಲ ಸಾಹೇಬ್ರೆ!”

ನಾವು ಹಾರವನ್ನೂ ಮಾಸ್ತರರನ್ನೂ ಹಾದು ಹೊರಟುಹೋದೆವು. ಚುಚ್ಚು ತಪ್ಪಿದ ಸಂತೋಷಕ್ಕೆ ಮಕ್ಕಳು ಕೇಕೆ ಹಾಕಿ ಚಪ್ಪಾಳೆ ತಟ್ಟಿದರು. ಅಷ್ಟು ಅವಸರದಲ್ಲೂ ಸಾಹೇಬರು ಒಂದು ಕೈ ಎತ್ತಿ ಬೀಸಿದ್ದನ್ನು ನಾನು ಕನ್ನಡಿಯಲ್ಲಿ ಕಂಡೆ. ಅಧಿಕಾರದ ಅಭ್ಯಾಸ ಜೀವಭಯಕ್ಕಿಂತ ದೊಡ್ಡದು.

ಕೊನೆಗೆ ನಮ್ಮನ್ನು ಉಳಿಸಿದ್ದು ಘಟ್ಟ. ಮೊದಲ ಕಡಿದಾದ ಏರಿನಲ್ಲಿ ಗಾಡಿ ಏದುಸಿರು ಬಿಟ್ಟು, ಕೆಮ್ಮಿ, ಸತ್ತಿತು. ಸಾಹೇಬರು ಇಳಿದು ಒಂದು ಕಲ್ಲಿನ ಮೇಲೆ ಕೂತರು. ತಲೆ ಮೇಲೆ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಹೆಗಡೆಯೊಬ್ಬರು ನಿಂತು, ನಡೆದದ್ದನ್ನೆಲ್ಲ ಕೇಳಿ, ಹೇಳಿದರು:

“ನಮ್ಮನೆ ನೀರಿನ ಪಂಪೂ ಹೀಂಗೇ ಹಟ ಮಾಡ್ತು. ಎಣ್ಣೆ ನಲ್ಲಿ ಮುಚ್ಚಿದ್ರೆ ತನ್ನಷ್ಟಕ್ಕೇ ನಿಲ್ತು. ಇದಕ್ಕೆ ನಲ್ಲಿ ಇಲ್ಯಾ?”

ಇತ್ತು. ಕುಮಟೆಯಿಂದ ಅಲ್ಲಿಯವರೆಗೂ ಟ್ಯಾಂಕಿನ ಕೆಳಗಿನ ಪೆಟ್ರೋಲ್ ನಲ್ಲಿ ನನ್ನ ಎಡ ಮೊಣಕಾಲಿಗೆ ಒತ್ತಿಕೊಂಡೇ ಇತ್ತು. ಸಾಹೇಬರು ನನ್ನನ್ನು ನೋಡಿದರು. ನಾನು ಘಟ್ಟವನ್ನು ನೋಡಿದೆ.

ನೌಕರಿಯಂತೂ ಹೋಯಿತು, ಗಾಡಿಯಾದರೂ ಉಳಿಯಲಿ ಎಂದು ಅದನ್ನು ಲಾರಿಯಲ್ಲಿ ಹೇರಿ, ಹೊನ್ನಾವರದಲ್ಲಿ ಶರಾವತಿ ದಾಟಿಸಿ, ಭಟ್ಕಳದ ಗಾಡಿ ರಿಪೇರಿಯವರೊಬ್ಬರ ಮುಂದೆ ಇಟ್ಟೆ. ಅವರು ಕೇಬಲ್ ಬಿಚ್ಚಿ ಮೂಸಿ ನೋಡಿ, “ಅರೆ ಸಾಬ್, ಎಣ್ಣೆ ಹಾಕಿದ್ದು ಆಯ್ತು, ಇನ್ನು ಬಾಚಿ ಜಡೆ ಹಾಕೋದೊಂದೇ ಬಾಕಿ!” ಎಂದರು. ಕೇಬಲ್ಲುಗಳನ್ನು ಮೊಳೆಗೆ ತೂಗುಹಾಕಿ, ಸೀಮೆಎಣ್ಣೆ ಇಳಿಸಿ ತೊಳೆದು, ಹೊಲಿಗೆ ಯಂತ್ರದ ತೆಳ್ಳನೆಯ ಎಣ್ಣೆಯನ್ನು ತುದಿಯಿಂದ ತೊಟ್ಟಿಕ್ಕುವವರೆಗೆ ಬಿಟ್ಟರು. ತುಂಡಾದದ್ದಕ್ಕೆ ಹೊಸ ತಂತಿ ಹಾಕಿದರು. ಬ್ರೇಕನ್ನೂ ಒರೆಸಿಕೊಟ್ಟರು.

ಅಷ್ಟರಲ್ಲಿ ವರದಿಯ ನಕಲು ಬಂತು. ಲಕೋಟೆ ಹರಿದು ಓದಿದೆ. ‘ಘಟ್ಟದ ಬುಡದವರೆಗೆ ಖುದ್ದಾಗಿ ತಪಾಸಣೆ ನಡೆಸಲಾಯಿತು. ಶಾಲಾಮಕ್ಕಳು ಹರ್ಷೋದ್ಗಾರದಿಂದ ಸ್ವಾಗತಿಸಿದರು. ಸದರಿ ನೌಕರನು ಕೆಲಸದಲ್ಲಿ ವೇಗವುಳ್ಳವನು, ಕಾಯಂ ಮಾಡಬಹುದು.’ ಪಾಪ, ನಿಲ್ಲದ ಗಾಡಿಯ ಮೇಲೆ ಕೂತು ಘಟ್ಟ ಕಂಡೆನೆಂದು ಯಾವ ಸಾಹೇಬರು ತಾನೆ ಬರೆದಾರು? ಸತ್ಯ ಹೇಳಬೇಕಾದವನು ನಾನು. ಎರಡು ಸಲ ಓದಿ, ‘ನೋಡಿದೆ’ ಎಂದು ಬರೆದು ಸಹಿ ಹಾಕಿದೆ.

ಬಿಟ್ಟುಹೋದ ಚುಚ್ಚು ಹಾಕಲು ಮರುವಾರ ಬಸ್ಸಿನಲ್ಲಿ ಕತಗಾಲಕ್ಕೆ ಹೋದೆ. ಮಫ್ಲರ್, ಕನ್ನಡಕ ಎರಡನ್ನೂ ಮನೆಯಲ್ಲೇ ಬಿಟ್ಟಿದ್ದೆ. ಮಾಸ್ತರರು ಚಹಾ ಕೊಟ್ಟು ಕೇಳಿದರು: “ಅವತ್ತು ಸಾಹೇಬ್ರನ್ನ ಹಿಂದೆ ಕೂರಿಸ್ಕೊಂಡು ಗಾಡಿ ಹೊಡೆದವ ಯಾರು ಮಾರಾಯ್ರೆ? ಅಂಥವನನ್ನ ನೌಕರಿಯಿಂದ ತೆಗೀಬೇಕು.”

“ತೆಗೆಯೂದು ಕಷ್ಟ ಮಾಸ್ತರ್ರೆ” ಎಂದೆ, ಚಹಾ ಊದುತ್ತ. “ಕೆಲಸ ಚಲೋ ಮಾಡ್ತಾನೆ ಅಂತ ಮೊನ್ನೆಯಷ್ಟೇ ಕಾಯಂಗೆ ಬರೆದಿದ್ದಾರೆ.”