ಮೆಂಬರರ ಕಟ್ಟೆ, ನನ್ನ ನಿಯಮ

ಪರರ ತಪ್ಪನ್ನು ಕ್ಷಮಿಸುವ ದೊಡ್ಡ ಗುಣ ನನ್ನಲ್ಲಿಲ್ಲ. ಮರೆಯುವ ಸಣ್ಣ ಗುಣವೂ ಇಲ್ಲ. ನಮ್ಮ ವಾರ್ಡಿನ ಮೆಂಬರ್ ಶರಣಪ್ಪನವರು ತಮ್ಮ ಮಗಳ ಮದುವೆಯಲ್ಲಿ ನನ್ನನ್ನು ಮೊದಲ ಪಂಕ್ತಿಯಿಂದ ಎಬ್ಬಿಸಿ, ಆ ಜಾಗದಲ್ಲಿ ಒಬ್ಬ ಗುತ್ತಿಗೆದಾರನನ್ನು ಕೂಡಿಸಿದ್ದನ್ನು, ಆತ ಎಲೆಯಲ್ಲಿ ಬಿಟ್ಟೆದ್ದ ಅರ್ಧ ಹೋಳಿಗೆಯ ಸಮೇತ, ಇಂದಿಗೂ ನೆನಪಿಟ್ಟಿದ್ದೇನೆ. ಆದರೆ ಈಗ ಹೇಳಹೊರಟ ಕಟ್ಟೆಯ ಪ್ರಕರಣಕ್ಕೂ ಆ ಹೋಳಿಗೆಗೂ ಸಂಬಂಧವಿಲ್ಲ. ಇದು ಶುದ್ಧ ತತ್ತ್ವದ ಪ್ರಶ್ನೆ.

ಊರಿನ ಹೆಸರು ಹೇಳುವುದಿಲ್ಲ. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಎಲ್ಲಿಯವರಾದರೂ ತಮ್ಮದೇ ಎಂದು ಜಗಳಕ್ಕೆ ಬಂದಾರು. ಫರಸಿ ಕಲ್ಲು ಧಾರಾಳವಾಗಿ ಸಿಗುವ ಈ ಸೀಮೆಯಲ್ಲಿ ಮನೆ ಕಟ್ಟಿದವನು ಬಾಗಿಲ ಮುಂದೊಂದು ಕಟ್ಟೆ ಹಾಕಿಸದೆ ಬಿಡುವುದಿಲ್ಲ. ಕಲ್ಲು ಉಳಿದರೆ ಕಟ್ಟೆ ಬೀದಿಯ ಕಡೆಗೆ ಬೆಳೆಯುತ್ತದೆ, ಗಟಾರ ಅದರ ಕೆಳಗೆ ಅಡಗುತ್ತದೆ. ಮಳೆಗಾಲದಲ್ಲಿ ಗಟಾರದ ನೀರು ಮನೆಗಳಿಗೆ ನುಗ್ಗಿದಾಗ ಅಂಥ ಕಟ್ಟೆಗಳನ್ನು ಒಡೆಸಬೇಕೆಂದು ನಮ್ಮ ಪುರಸಭೆ ಠರಾಯಿಸಿ, ಯಾವುವನ್ನು ಒಡೆಯಬೇಕೆಂದು ಹೇಳಲು ವಾರ್ಡಿಗೊಂದು ಸಮಿತಿ ಮಾಡಿತು. ನಮ್ಮ ಸಮಿತಿಯ ಸಭೆ ಸೇರಿದ್ದು ಶರಣಪ್ಪನವರ ಕಟ್ಟೆಯ ಮೇಲೆ. ಓಣಿಯಲ್ಲಿ ಗಟಾರವನ್ನು ಪೂರ್ತಿ ನುಂಗಿದ ಕಟ್ಟೆ ಅದೊಂದೇ.

ನಾನು ಅಲ್ಲಿಗೇ ಹೋಗಿ ಆಕ್ಷೇಪಿಸಿದೆ. "ಅಪರಾಧದ ಮ್ಯಾಲೆ ಕುಂತು ನ್ಯಾಯ ಹೇಳ್ತೀರೇನ್ರಿ?"

"ಬರ್ರಿ ಮಾಸ್ತರ್ರ, ಕುಂದ್ರಿ. ಚಾ ತಗೋರಿ," ಎಂದರು ಶರಣಪ್ಪ. "ನಿಮ್ಮಂಥ ನೇಮದವರೇ ಸಮಿತಿಗೆ ಬೇಕಾಗಿತ್ತು."

ಹೀಗೆ ನಾನು ಸದಸ್ಯನಾದೆ. ನಿವೃತ್ತ ಮುಖ್ಯೋಪಾಧ್ಯಾಯ, ನಿಯಮವಿಲ್ಲದ ಕಡೆ ನಿಯಮ ತಾರದಿದ್ದರೆ ನಿದ್ರೆ ಬಾರದು. ಯಾರ ಕಟ್ಟೆಯ ವಿಚಾರ ಬರುತ್ತದೋ ಅವರು ಎದ್ದು ದೂರ ನಿಲ್ಲಬೇಕು, ಬಾಯಿ ತೆರೆಯಬಾರದು ಎಂದು ಪಟ್ಟು ಹಿಡಿದೆ. ಎಲ್ಲರೂ ತಕ್ಷಣ ಒಪ್ಪಿದರು. ಆಗಲೇ ನನಗೆ ಅನುಮಾನ ಬರಬೇಕಿತ್ತು. ಶರಣಪ್ಪನವರು ತಮ್ಮ ಸರದಿ ಬಂದಾಗ ಶಿಸ್ತಾಗಿ ಎದ್ದು ಎದುರಿನ ಬೇವಿನ ಮರದ ಕೆಳಗೆ ನಿಂತರು. ಉಳಿದವರಲ್ಲಿ ಒಬ್ಬ ಅವರ ಭಾವಮೈದುನ, ಇನ್ನೊಬ್ಬ ಅವರ ಮಳಿಗೆಯ ಬಾಡಿಗೆದಾರ ಖಾಜಾಸಾಬ. "ಇದನ್ನೂ ಒಡದ್ರ ಸಮಿತಿ ಎಲ್ಲಿ ಕೂಡಬೇಕ್ರಿ?" ಎಂದ ಖಾಜಾಸಾಬ. ಕಟ್ಟೆ ಸಾರ್ವಜನಿಕ ಉಪಯೋಗದ್ದೆಂದು ಬಹುಮತದಿಂದ ತೀರ್ಮಾನವಾಯಿತು. ಮುಂದಿನದು ನನ್ನ ಸರದಿ. ನನ್ನ ಕಟ್ಟೆ ಗಟಾರದ ಮೇಲೆ ಒಂದು ಗೇಣು ಚಾಚಿರುವುದು ನಿಜ. ಆದರೆ ಕಟ್ಟೆ ಮೊದಲಿನದು, ಗಟಾರ ಆಮೇಲೆ ಬಂದು ಅದರ ಕೆಳಗೆ ನುಸುಳಿದ್ದು. ಈ ವಾದ ನಾಲಿಗೆಯ ತುದಿಯಲ್ಲಿದ್ದರೂ ನನ್ನದೇ ನಿಯಮಕ್ಕೆ ತಲೆಬಾಗಿ ಬೇವಿನ ಮರದ ಕೆಳಗೆ ಮೌನವಾಗಿ ನಿಂತೆ. ಈ ಬಾರಿ ತೀರ್ಮಾನ ಒಮ್ಮತದ್ದು.

ಕಲ್ಲು ಕೀಳುವ ದಿನ ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಹೇಳಿದಳು: "ಮಂದಿ ತಮ್ಮ ಕಟ್ಟಿ ಉಳಿಸ್ಕೊಳ್ಳಾಕ ಸಮಿತಿ ಸೇರ್ತಾರ, ನೀವು ಒಡಿಸ್ಕೊಳ್ಳಾಕ ಸೇರಿದ್ರಿ. ನಾಳಿಂದ ಪೇಪರ್ ಓದಾಕ ನನ್ನ ಒಲಿ ಮುಂದ ಬಂದು ಕೂಡಬ್ಯಾಡ್ರಿ ಮತ್ತ!"

ಅವಳಿಗೆ ಅದು ಪೇಪರ್ ಓದುವ ಜಾಗ. ನನಗೆ, ನಿವೃತ್ತನಾದ ಮೇಲೂ ಊರು ನಮಸ್ಕಾರ ಮಾಡುವ ಏಕೈಕ ಜಾಗ. ಒಳಮನೆಯಲ್ಲಿ ಕುಳಿತವನಿಗೆ ಯಾರು ಕೈಮುಗಿಯುತ್ತಾರೆ? ಕೆಲವು ದಿನ ತಡೆದು, ಪ್ರತಿಭಟನೆಯ ರೂಪದಲ್ಲಿ, ಬೆಳಿಗ್ಗೆ ಶರಣಪ್ಪನವರ ಕಟ್ಟೆಗೇ ಹೋಗಿ ಕೂಡತೊಡಗಿದೆ. ಕಲ್ಲು ತಣ್ಣಗಿತ್ತು. ಹಾದುಹೋಗುವವರೆಲ್ಲ ನಮಸ್ಕರಿಸುತ್ತಿದ್ದರು. ಚಹಾದ ಮೊದಲ ಕಪ್ಪು ನನಗೇ ಬರುತ್ತಿತ್ತು.

ಅಷ್ಟರಲ್ಲಿ ಚಿಂಚೋಳಿಯ ಕಡೆಯಿಂದ ವರ್ಗವಾಗಿ ಬಂದ ಪುರಸಭೆಯ ಹೊಸ ಮುಖ್ಯಾಧಿಕಾರಿ, ನನ್ನ ಕಟ್ಟೆ ಒಡೆದ ಸಿಟ್ಟಿನಲ್ಲಿ ನಾನೇ ಶರಣಪ್ಪನವರ ಕಟ್ಟೆಯ ವಿರುದ್ಧ ಕೊಟ್ಟಿದ್ದ ತಕರಾರಿನ ಮೇಲೆ ಒಂದು ಬೆಳಿಗ್ಗೆ ಸ್ಥಳಕ್ಕೇ ಬಂದರು. ಚಿಕ್ಕ ವಯಸ್ಸಿನ, ನೇರ ಮಾತಿನ ಹೆಣ್ಣುಮಗಳು.

"ಗಟಾರ ಆ ಕಡಿಂದ ಹೋಗ್ಯದ್ರಿ ಮೇಡಂ, ಇಲ್ಲೇನಿಲ್ಲ," ಎಂದರು ಶರಣಪ್ಪ.

ಆಕೆ ನನ್ನ ಕಡೆ ತಿರುಗಿದರು. "ಸರ್, ತಕರಾರು ನಿಮ್ಮದು. ಗಟಾರ ಇದರ ಕೆಳಗೇ ಅದ ಅಂತ ನೀವೊಂದು ಮಾತು ಹೇಳ್ರಿ, ಇವತ್ತೇ ಒಡಸ್ತೀನಿ."

ಎಲ್ಲರೂ ನನ್ನನ್ನೇ ನೋಡಿದರು. ನಾನು ಕಪ್ಪನ್ನು ಕೆಳಗಿಟ್ಟು, ಎದ್ದು, ಬೇವಿನ ಮರದ ಕೆಳಗೆ ಹೋಗಿ ನಿಂತೆ.

"ಈ ವಿಷಯದಾಗ ನನ್ನ ಹಿತ ಸೇರ್ಯದ್ರಿ ಮೇಡಂ," ಎಂದೆ. "ನಿಯಮದ ಪ್ರಕಾರ ನಾ ಮಾತಾಡಂಗಿಲ್ಲ."

ಆಕೆ ನನ್ನನ್ನೊಮ್ಮೆ, ಕಪ್ಪನ್ನೊಮ್ಮೆ ನೋಡಿ ಜೀಪು ಹತ್ತಿದರು. ಶರಣಪ್ಪನವರು ಒಳಗಿನವರಿಗೆ ಕೂಗಿ ಹೇಳಿದರು: "ಮಾಸ್ತರ್ರ ಚಾ ಆರ್ಯದ, ಬ್ಯಾರೆ ತರ್ರಿ!"

ಆ ಹೋಳಿಗೆಯನ್ನು ನಾನಿನ್ನೂ ಮರೆತಿಲ್ಲ. ಆದರೆ ಆ ಎರಡನೆಯ ಚಹಾ, ತತ್ತ್ವವನ್ನು ಬದಿಗಿಟ್ಟು ಹೇಳುವುದಾದರೆ, ಭಾಳ ಚೆನ್ನಾಗಿತ್ತು.